ಅತ್ತೆ ಕೊಟ್ಟ ಉತ್ತರ

ಜವಳಗೇರಾ
೧೨-೯-೧೯೬೯

ಡಾಕ್ಟರ್ ಸಾಹೇಬರಿಗೆ ನಮಸ್ಕಾರ.

ನಿನ್ನೆ ಸಿಂಧನೂರಿನ ದವಾಖಾನೆಯಲ್ಲಿ ನೀವು ಕೇಳಿದ್ದಕ್ಕೆಲ್ಲ ನಮ್ಮತ್ತೆಯೇ ಉತ್ತರ ಕೊಟ್ಟರು. "ಚೊಚ್ಚಲ ಬಾಣಂತಿ ಅದಾಳ್ರೀ, ಎದ್ಯಾಗ ಹಾಲು ಕಟ್ಯಾವ" ಎಂದರು. ನಾನು ಸೆರಗು ಹಿಡಿದು ಕುಳಿತೆ. ನೀವು ಮುಲಾಮು ಬರೆದುಕೊಟ್ಟಿರಿ.

ಆದರೆ ಎದೆಯಲ್ಲಿರುವ ಆ ಗಂಟು ನನ್ನ ಬಿ.ಎ. ಪರೀಕ್ಷೆಯ ವರ್ಷದಿಂದಲೇ ಇದೆ. ಮದುವೆ ತಪ್ಪೀತೆಂದು ಅವ್ವ ಬಾಯಿ ಮುಚ್ಚಿಸಿದ್ದಳು. ಈಗ ಬೆಳೆದಿದೆ. ಕೂಸು ಕುಡಿದು ಎದೆ ಬರಿದಾದರೂ ಕರಗುವುದಿಲ್ಲ, ಪಕ್ಕೆಲುಬಿಗೇ ಅಂಟಿದಂತಿದೆ. ಹಾಲಿನದೋ, ಎಲುಬಿನ ಕ್ಯಾನ್ಸರೋ, ನನಗೊಂದೂ ತಿಳಿಯುತ್ತಿಲ್ಲ. ನಿದ್ದೆಯೂ ಇಲ್ಲ. ಆ ಕಡೆಯ ಹಾಲನ್ನು ಕೂಸಿಗೆ ಕೊಡಲೋ ಬೇಡವೋ? ರಾಯಚೂರಿಗೆ ಹೋಗಿ ಎಕ್ಸ್‌ರೇ ತೆಗೆಸಲೇ?

ದಯವಿಟ್ಟು ಇಂಗ್ಲಿಷಿನಲ್ಲಿ ಬರೆಯಿರಿ. ಈ ಮನೆಯಲ್ಲಿ ಅದನ್ನು ಓದುವವಳು ನಾನೊಬ್ಬಳೇ.

ನಿಮ್ಮ ಕಾಗದದ ದಾರಿ ಕಾಯುವ,
ಗ್ಯಾನಮ್ಮ