ಬೆಟ್ಟದ ದೇವತೆಯ ಹೊಟ್ಟೆಕಿಚ್ಚು

ಹಿದಾ ಬೆಟ್ಟದ ಶಿಬಿರ,
ನವೆಂಬರ್ ೯, ಶನಿವಾರ

ಪ್ರೀತಿಯ ಅಮ್ಮ,

ಪತ್ರಿಕೆಯಲ್ಲಿ ಆ ಸುದ್ದಿ ಬಂದ ಮೇಲೆ ಫೋನ್ ಮಾಡಿದವರೆಲ್ಲ ಸುರಂಗದೊಳಗೆ ಯಾಕೆ ಹೋದೆ ಎಂದು ಕೇಳಿದರು. ಅಪ್ಪನೂ ಅದನ್ನೇ ಕೇಳಿದರು. ನೀನೊಬ್ಬಳು ಮಾತ್ರ "ಒಳಗೆ ಏನಿತ್ತೇ?" ಎಂದೆ. ಅಪ್ಪ ಪಕ್ಕದಲ್ಲೇ ಇದ್ದರಲ್ಲ, ಹೇಳಲು ಬಾಯಿ ಬರಲಿಲ್ಲ.

ಒಳಗೆ ಬೆಚ್ಚಗಿತ್ತಮ್ಮ. ಹೊರಗೆ ಹಿಮ ಬೀಳುವಂತಿದ್ದರೂ ಅಲ್ಲಿ ಬೆವರಿದೆ. ಡೀಸೆಲ್ಲು, ಹಸಿ ಸಿಮೆಂಟಿನ ವಾಸನೆ; ಅದರಡಿಯಲ್ಲಿ ಮತ್ತೊಂದು, ಬಹುಕಾಲ ಮುಚ್ಚಿದ್ದ ಬಾವಿಯನ್ನು ತೆರೆದಾಗ ಬರುತ್ತದಲ್ಲ, ಅಂಥದ್ದು. ಎರಡು ಚಳಿಗಾಲ ನಾನು ಬರೀ ಫೋಟೋಗಳಲ್ಲಿ ಓದಿದ್ದ ಬೆಟ್ಟ ಅದು.

ಕಲ್ಲು ನೋಡಿ, ಮುಂದೆ ಕೊರೆಯಬಹುದೋ ಇಲ್ಲವೋ ಹೇಳುವುದು ನನ್ನ ಕೆಲಸ. ಆದರೆ ನೋಡಲು ನನಗೆ ಅಪ್ಪಣೆಯಿಲ್ಲ. ಬೆಟ್ಟದ ದೇವತೆ ಹೆಣ್ಣಂತೆ. ಇನ್ನೊಬ್ಬ ಹೆಣ್ಣು ಒಳಗೆ ಬಂದರೆ ಹೊಟ್ಟೆಕಿಚ್ಚಿಗೆ ಸುರಂಗವನ್ನೇ ಕೆಡವುತ್ತಾಳಂತೆ. ಕಾನೂನು ಈಗ ತಡೆಯುವುದಿಲ್ಲ. ಮ್ಯಾನೇಜರು ಮಾತ್ರ ನಗುತ್ತಾ, "ನಾವೇನು ನಂಬಲ್ಲ, ಆದ್ರೆ ಕೆಲಸದವರ ಮನಸ್ಸು ಯಾಕೆ ನೋಯಿಸ್ಬೇಕು?" ಎನ್ನುತ್ತಾರೆ. ಹಾಗಾಗಿ ನನಗಿಂತ ಕಿರಿಯನಾದ ನಿಷಿವಾಕಿ ಒಳಗೆ ಹೋಗಿ ಫೋಟೋ ತರುತ್ತಾನೆ. ತಗಡಿನ ಕಚೇರಿಯಲ್ಲಿ ಕೂತು ವರದಿ ಬರೆಯುವವಳು ನಾನು, ಸಹಿ ಅವನದು.

ನನಗೆ ಆ ದೇವತೆಯ ಮೇಲೇ ಕುತೂಹಲ ಹುಟ್ಟಿತು. ಸುರಂಗದ ಮೇಸ್ತ್ರಿ ಕುರೊಗಿ ದಕ್ಷಿಣದ ಕ್ಯೂಷು ದ್ವೀಪದ ಕಡೆಯವರು, ಅರವತ್ತು ದಾಟಿದ ಮನುಷ್ಯ. ಅವಳನ್ನು ಯಾರಾದರೂ ನೋಡಿದ್ದಾರೆಯೇ ಎಂದು ಅವರನ್ನು ಕೇಳಿದೆ. "ಯಾರೂ ನೋಡಲ್ಲ ಅಂತ್ಲೇ ಕಣಮ್ಮಾ ಅವಳಿಗೆ ಅಷ್ಟು ಸಿಟ್ಟು" ಎಂದು ನಕ್ಕರು. ಇನ್ನೊಂದು ದಿನ ಚಹಾ ಕುಡಿಯುತ್ತಾ, ತಮ್ಮ ಅಜ್ಜಿ ಕಲ್ಲಿದ್ದಲು ಗಣಿಯಲ್ಲಿ ಗಂಡನ ಹಿಂದೆ ಮಂಡಿಯೂರಿ ಬುಟ್ಟಿ ಎಳೆಯುತ್ತಿದ್ದಳೆಂದು ಹೇಳಿದರು. "ಆಗ ದೇವತೆಗೆ ಸಿಟ್ಟು ಬರ್ಲಿಲ್ವಾ ಯಜಮಾನ್ರೇ?" ಎಂದೆ. ಚಹಾದ ಲೋಟ ಕೆಳಗಿಟ್ಟು, "ಅಜ್ಜಿಗೆ ಅರ್ಧ ಕೂಲಿ. ಅವಳನ್ನ ನೋಡಿ ಹೊಟ್ಟೆಕಿಚ್ಚುಪಡೋಕೆ ಏನಿತ್ತು?" ಎಂದರು.

ಕಳೆದ ತಿಂಗಳ ಕೊನೆಗೆ ಫೋಟೋದಲ್ಲಿ ಒಂದು ಕಪ್ಪು ಪಟ್ಟೆ ಕಂಡಿತು. ಒದ್ದೆಯೋ ಒಣಗಿದ್ದೋ ಎಂದರೆ ನಿಷಿವಾಕಿ "ನೆರಳಿರ್ಬೇಕು ಅಕ್ಕ" ಎಂದ. ಮರುದಿನ ನೆರಳು ಅಗಲವಾಗಿತ್ತು. ಕೆಲಸ ನಿಲ್ಲಿಸಿ ಪರೀಕ್ಷಿಸಬೇಕೆಂದು ಎರಡು ಸಲ ಬರೆದುಕೊಟ್ಟೆ. "ಒಳಗೆ ಹೋಗಿ ಬಂದವನೇ ಸುಮ್ನಿದಾನೆ, ಫೋಟೋ ನೋಡಿದ ನಿಮಗೆ ಗಾಬರಿಯಾ? ಹೆಂಗಸರ ಕಥೆನೇ ಇಷ್ಟು" ಎಂದರು ಮ್ಯಾನೇಜರು.

ಮಂಗಳವಾರ ಮಧ್ಯಾಹ್ನ ನಿಷಿವಾಕಿಯ ಬೂಟು ಹಾಕಿಕೊಂಡು, ಹೆಲ್ಮೆಟ್ಟು, ಮಾಸ್ಕು ಏರಿಸಿ ನಡೆದೇ ಬಿಟ್ಟೆ. ಯಾರಿಗೂ ಗುರುತಾಗಲಿಲ್ಲ. ಕೊರೆಯುತ್ತಿದ್ದ ತುದಿ ತಲುಪಿ ಕೈಗವಸು ತೆಗೆದು ಆ ಪಟ್ಟೆಯನ್ನು ಒತ್ತಿದೆ. ತೋಫು ಒತ್ತಿದ ಹಾಗೆ ಹೆಬ್ಬೆರಳು ಒಳಗೆ ಇಳಿಯಿತಮ್ಮ! ಬೆರಳ ಸುತ್ತ ಕೆಸರುನೀರು ಜಿನುಗಿತು. ನಿನ್ನ ಹತ್ತಿರ ಮುಚ್ಚುವುದೇನು, ಭಯಕ್ಕಿಂತ ಮೊದಲು ಬಂದದ್ದು ಖುಷಿ. ನನ್ನ ಲೆಕ್ಕ ಸರಿಯಿತ್ತು.

ತಿರುಗಿದರೆ ಕುರೊಗಿ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಗುಡುಗಿದರು: "ಹೆಣ್ಣು ಒಳಗೆ ಬಂದಿದಾಳೆ! ಎಲ್ರೂ ಆಚೆ ನಡೀರಿ! ಕೆಲಸ ಬಂದ್!" ಎಲ್ಲರೂ ಕೈಲಿದ್ದದ್ದನ್ನು ಬಿಸಾಕಿ ಹೊರಟರು. ಒಬ್ಬ ನನ್ನ ಕಾಲ ಬಳಿ ಉಗಿದ. ಮೈಲಿಗೆ ಕಳೆಯಲು ಸುರಂಗದ ಬಾಗಿಲಲ್ಲಿ ಉಪ್ಪು ಎರಚಿ, ಸಾಕೆ ಮದ್ಯ ಚೆಲ್ಲಿ, ಅಂದಿನ ಮಟ್ಟಿಗೆ ಯಾರೂ ಒಳಗೆ ಕಾಲಿಡುವುದಿಲ್ಲವೆಂದು ಕೂತುಬಿಟ್ಟರು. ಕತ್ತಲಾಗುವ ಮೊದಲೇ ಆ ತುದಿ ಕುಸಿಯಿತು. ನೀರು, ಕಲ್ಲು, ಕೆಸರು ಒಟ್ಟಿಗೆ ನುಗ್ಗಿ, ಯಂತ್ರಗಳು ಹೂತುಹೋದವು. ಒಳಗೆ ಒಬ್ಬರೂ ಇರಲಿಲ್ಲ.

ಈಗ ಎಲ್ಲರೂ ದೇವತೆ ಮುನಿದಳು ಎನ್ನುತ್ತಾರೆ. ಕಂಪನಿಯ ವರದಿಯಲ್ಲೂ 'ಮಹಿಳೆಯ ಪ್ರವೇಶದಿಂದ ಕೆಲಸ ಸ್ಥಗಿತ' ಎಂದಷ್ಟೇ ಇದೆ. ನಾನು ಬರೆದುಕೊಟ್ಟ ಎಚ್ಚರಿಕೆಯ ಸುದ್ದಿಯೇ ಇಲ್ಲ. ನೋಡಮ್ಮ, ನನ್ನ ಓದಿನಿಂದ ನಿಲ್ಲಿಸಲಾಗದ ಕೆಲಸವನ್ನು ನಾನು ಹೆಣ್ಣು ಎಂಬ ಒಂದು ಕೂಗು ನಿಲ್ಲಿಸಿತು! ಸೋಮವಾರ ನಗೋಯಾದ ಮುಖ್ಯ ಕಚೇರಿಗೆ ಕರೆದಿದ್ದಾರೆ. ನನ್ನನ್ನು ಕಡತ ಜೋಡಿಸುವ ಕೆಲಸಕ್ಕೆ ಹಾಕುವ ಮಾತಿದೆ. ಕಲ್ಲು ಹೇಗಿತ್ತೆಂದು ಹೇಳಿಯೇ ಬರುತ್ತೇನೆ, ಆಮೇಲೆ ಏನಾದರೂ ಆಗಲಿ. ಮದುವೆಯ ಮಾತನ್ನು ಅಲ್ಲಿಯವರೆಗಾದರೂ ತಡೆದುಕೊಳ್ಳಲು ಅಪ್ಪನಿಗೆ ಹೇಳು.

ನಿನ್ನ ಮಗಳು,
ತೊಮೊಎ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕುರೊಗಿ ಬಂದರು. ನಿಜವಾಗಿಯೂ ದೇವತೆಗೆ ಹೆದರಿದಿರಾ ಎಂದು ಕೇಳಿಯೇಬಿಟ್ಟೆ. "ನಿನ್ನ ಹೆಬ್ಬೆರಳು ಇಳಿದದ್ದು ನೋಡ್ದೆ ಕಣಮ್ಮಾ. ಕಲ್ಲು ಕೆಟ್ಟಿದೆ ಅಂದಿದ್ರೆ ಮ್ಯಾನೇಜರು ವಾದಕ್ಕೆ ನಿಲ್ತಿದ್ದ, ಅಷ್ಟರಲ್ಲಿ ನಮ್ಮ ಹುಡುಗ್ರು ಮಣ್ಣಾಗ್ತಿದ್ರು. ಹೆಣ್ಣು ಬಂದ್ಲು ಅಂದ್ರೆ ಯಾರೂ ಎದುರು ಮಾತಾಡಲ್ಲ" ಎಂದರು. ಸೋಮವಾರ ನನ್ನ ಜೊತೆ ಅವರೂ ರೈಲು ಹತ್ತುತ್ತಾರಂತೆ. ಅಲ್ಲಿ ಬಂದು ಏನು ಹೇಳುತ್ತೀರಿ ಎಂದೆ.

"ಕಲ್ಲಿನ ವಿಷ್ಯ ನೀನು ಹೇಳು. ಸುಳ್ಳಿನ ವಿಷ್ಯ ನಾನ್ ಹೇಳ್ತೀನಿ."