ಠರಾವಿನಲ್ಲಿ ನಿನ್ನ ಹೆಸರು

ತಿರುಪ್ಪೂರು, ಶುಕ್ರವಾರ

ಮೈಲಾತ್ತಾ ಅಕ್ಕನಿಗೆ,

ಮೊನ್ನೆ ಕಲೆಕ್ಟರ್ ಕರೆದ ಸಭೆಯಲ್ಲಿ ನೀನು ಕಾರ್ಮಿಕರ ಸಾಲಿನಿಂದ, "ಏನೇ ದೈವಾನೈ, ಊಟ ಆಯ್ತಾ?" ಎಂದು ಕೇಳಿದೆ. ನಮ್ಮ ಬನಿಯನ್ ಕಾರ್ಖಾನೆ ಮಾಲೀಕರ ಸಂಘದವರೆಲ್ಲ ನನ್ನತ್ತ ತಿರುಗಿದರು. ನಾನು "ಯಾರಮ್ಮ ನೀವು?" ಎಂದುಬಿಟ್ಟೆ.

ನೀನು ಕಲೆಕ್ಟರ್ ಕಡೆ ತಿರುಗಿ, ಹಳ್ಳಿಯ ಹೆಂಗಸರಿಗೆ ಬಸ್ಸು ಬಿಟ್ಟರೆ ಕಾರ್ಖಾನೆಗಳಿಗೆ ಜನ ಸಿಗುತ್ತಾರೆ, ಊರೂ ಬೆಳೆಯುತ್ತದೆ ಎಂದೆ. ಕಲೆಕ್ಟರ್ ಒಪ್ಪಿದರು. ಆದರೆ ಸಂಘದವರು ಠರಾವಿನಲ್ಲಿ ಆ ಸಲಹೆ ನನ್ನದೆಂದು ಬರೆದರು. ಅದನ್ನೂ ನಾನು ತಡೆಯಲಿಲ್ಲ.

ಇಂದು ಸಂಘದ ಕಚೇರಿಗೆ ಹೋಗಿ ನಿನ್ನ ಹೆಸರು ಬರೆಸಿದೆ. "ಆಕೆ ನಿಮಗೇನಾಗ್ಬೇಕಮ್ಮ?" ಎಂದು ಅಧ್ಯಕ್ಷರು ಕೇಳಿದರು. "ನಂಗೆ ಹೊಲಿಗೆ ಕಲಿಸಿದವಳು" ಎಂದೆ.

ತಿದ್ದಿದ ಪ್ರತಿ ಇದರೊಂದಿಗಿದೆ. ಸರಿಯಿದ್ದರೆ ಒಂದು ಸಾಲು ಬರೆದು ಕಳಿಸು. ಫೋನ್ ಮಾಡಬೇಡ ಅಕ್ಕ; ನಿನ್ನ ದನಿ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ತಲೆ ತಗ್ಗಿಸಿ,
ದೈವಾನೈ