ಮಾತು ಬಂದ ಮನೆ

ನರಿಕೊಂಬು
೧೧ ಡಿಸೆಂಬರ್ ೧೯೬೬

ಲೋಲಾಕ್ಷಿಯ ತಂದೆಯವರಿಗೆ,

ಪದ್ಮಾಕ್ಷಿಯ ನಮಸ್ಕಾರ. ಇಲ್ಲಿ ನಾನು, ಮಗಳು, ಅಮ್ಮ ಮೂವರೂ ಚೆನ್ನಾಗಿದ್ದೇವೆ. ಅಮ್ಮನಿಗೆ ಮಂಡಿನೋವು ಉಂಟು. ಆದರೂ ಬೆಳಗ್ಗೆ ನನಗಿಂತ ಮೊದಲು ಏಳುತ್ತಾರೆ.

ನಿಮ್ಮ ಕಾಗದ ಗುರುವಾರ ಬಂತು. ಇಷ್ಟು ವರ್ಷಗಳ ಮೇಲೆ ನಿಮ್ಮ ಅಕ್ಷರ ಕಂಡು ಎರಡು ಸಲ ಓದಿದೆ. ಮಗಳನ್ನು ಬೆಳ್ತಂಗಡಿಗೆ ಕಳುಹಿಸು, ಇನ್ನು ಅವಳ ಓದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದೀರಿ. ‘ನಮ್ಮ ಮನೆತನದ ಬುದ್ಧಿ ಎಲ್ಲಿಗೆ ಹೋದೀತು’ ಎಂದೂ ಬರೆದಿದ್ದೀರಿ. ಉಳಿದದ್ದಕ್ಕೆ ಎರಡು ಸಾಲಿನ ಉತ್ತರ ಸಾಕಿತ್ತು. ಈ ಮಾತಿಗೆ ಮಾತ್ರ ವಿವರವಾಗಿ ಬರೆಯಬೇಕು. ಆ ಬುದ್ಧಿ ಹೇಗೆ ಬಂತು ಎಂದು ನೋಡುವುದಕ್ಕೆ ನೀವು ಇಲ್ಲಿ ಇರಲಿಲ್ಲ.

ಮಗುವಿಗೆ ವರ್ಷ ತುಂಬಿದ ಮಳೆಗಾಲದಲ್ಲಿ ಜ್ವರ ಬಂದು, ಮೈ ಸೆಟೆದು, ಕಣ್ಣು ಮೇಲಾದದ್ದು ನಿಮಗೆ ನೆನಪಿರಬಹುದು. ಜ್ವರ ಬಿಟ್ಟಿತು. ಮಗು ಉಳಿಯಿತು, ಅದರ ನಗು ಉಳಿಯಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಕೂರಿಸಿದರೆ ಮಗ್ಗುಲಿಗೆ ವಾಲುತ್ತಿತ್ತು. ನಿಮ್ಮ ತಾಯಿ, ‘ಇದಕ್ಕೆ ಇನ್ನು ಬುದ್ಧಿ ಬರುವುದಿಲ್ಲ, ಹೊತ್ತು ಹೊತ್ತಿಗೆ ಗಂಜಿ ಕೊಟ್ಟರೆ ಸಾಕು’ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ತಿಳಿದದ್ದು ಅಷ್ಟೇ. ನೀವು ಹೇಳಿದ ಮಾತು ಬೇರೆ. ‘ಮಗುವನ್ನು ನಿನ್ನ ಅಮ್ಮನ ಹತ್ತಿರ ಬಿಟ್ಟು ಬಾ. ಇನ್ನೊಂದು ಮಗು ಆಗಲಿ, ಆಗ ಎಲ್ಲ ಮರೆತುಹೋಗುತ್ತದೆ’ ಎಂದಿರಿ. ನಾನು ಮಗುವನ್ನು ಎತ್ತಿಕೊಂಡು ಬಂದೆ. ಅದನ್ನು ಇಲ್ಲಿ ಬಿಟ್ಟು ಹಿಂದೆ ಬರುವುದು ನನ್ನಿಂದ ಆಗಲಿಲ್ಲ.

ಅಮ್ಮ ನಮ್ಮಿಬ್ಬರನ್ನೂ ಮಂಗಳೂರಿನ ಹೆಂಗಸರ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ಡಾಕ್ಟರಮ್ಮ ಪ್ರಾಯ ಸಂದವರು, ಮೆಲ್ಲಗೆ ಮಾತಾಡುವವರು. ಮಗುವನ್ನು ಬಹಳ ಹೊತ್ತು ನೋಡಿದರು. ‘ಜ್ವರ ಎಷ್ಟು ಕೆಡಿಸಿದೆ ಅಂತ ಹೇಳಲಿಕ್ಕೆ ನನಗೂ ಆಗುವುದಿಲ್ಲ. ಆದರೆ ಈಗ ಮಿದುಳು ಬೆಳೆಯುವ ಹಾಗೆ ಮುಂದೆ ಯಾವ ಕಾಲಕ್ಕೂ ಬೆಳೆಯುವುದಿಲ್ಲ. ಹೊಟ್ಟೆಗೆ ಕೊಡುವ ಹಾಗೆ ಅದಕ್ಕೂ ಕೊಡಬೇಕು. ಮಾತಾಡಿ, ಮುಟ್ಟಿ, ಆಡಿಸಿ. ಮಗು ಉತ್ತರ ಕೊಡುವವರೆಗೆ ಕಾಯಬೇಡಿ’ ಎಂದರು. ಏನು ಮಾತಾಡಬೇಕು ಎಂದು ಕೇಳಿದೆ. ‘ಗಂಜಿ ಬೇಯಿಸುವಾಗ ಗಂಜಿಯ ಮಾತು, ಬಟ್ಟೆ ಒಗೆಯುವಾಗ ಬಟ್ಟೆಯ ಮಾತು’ ಎಂದು ನಕ್ಕರು.

ನಮ್ಮದು ಬೀಡಿ ಕಟ್ಟುವ ಮನೆ. ಹೊಗೆಸೊಪ್ಪಿನ ಧೂಳು ಮಗುವಿಗೆ ಆಗದು ಎಂದು ಅವರು ಹೇಳಿದ್ದರಿಂದ, ಜಗಲಿಯ ಗಾಳಿ ಬರುವ ತುದಿಯಲ್ಲಿ ಚಾಪೆ ಹಾಸಿದೆವು. ಇನ್ನೊಂದು ತುದಿಯಲ್ಲಿ ಕುಳಿತು ಎಲೆ ಸುರುಟುತ್ತಾ ನಾನು ಮಾತಾಡಲು ಶುರು ಮಾಡಿದೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಗೋಡೆಗೆ ಹೇಳಿದ ಹಾಗೆ. ಒಂದು ದಿನ ಹೇಳಲು ಏನೂ ತೋಚದೆ ಮಾತು ನಿಲ್ಲಿಸಿದಾಗ, ನೆರೆಮನೆಯ ಆಸ್ಯಮ್ಮ ತಮ್ಮ ಬೀಡಿಯ ಮೊರ ಎತ್ತಿಕೊಂಡು ನಮ್ಮ ಜಗಲಿಗೇ ಬಂದು ಕುಳಿತರು. ‘ನಿನ್ನ ಮಾತು ಮುಗಿದರೆ ಮುಗಿಯಲಿ ಮಾರಾಯ್ತಿ, ನನ್ನ ಹತ್ತಿರ ಬೇಕಾದಷ್ಟು ಉಂಟು’ ಎಂದರು. ಅವರು ಬ್ಯಾರಿ ಭಾಷೆಯಲ್ಲಿ, ಅಮ್ಮ ತುಳುವಿನಲ್ಲಿ, ನಾನು ಶಾಲೆಯಲ್ಲಿ ಕಲಿತ ಅಷ್ಟಿಷ್ಟು ಕನ್ನಡ ಪದ್ಯಗಳಲ್ಲಿ. ಇಷ್ಟು ಭಾಷೆ ಸುರಿದರೆ ಇದ್ದ ಬುದ್ಧಿಯೂ ಕೆಡುತ್ತದೆ ಎಂದವರಿದ್ದರು. ಅಂಥವರಿಗೆ ಆಸ್ಯಮ್ಮ ಚಹಾ ಕೊಟ್ಟು ಕಳುಹಿಸುತ್ತಿದ್ದರು.

ಬೆಳಗ್ಗೆ ಅಮ್ಮ ಎಣ್ಣೆ ಹಚ್ಚಿ ಕೈಕಾಲು ತಿಕ್ಕುವರು. ಆಮೇಲೆ ರಾಗಿ ಅರೆದು ಕಾಸಿದ ಮಣ್ಣಿ. ಒಂದು ಚಮಚ ಒಳಗೆ ಹೋದರೆ ಎರಡು ಹೊರಗೆ ಬರುತ್ತಿತ್ತು. ವರ್ಷ ಕಳೆದರೂ ಮಗು ನನ್ನ ಮುಖ ನೋಡಲಿಲ್ಲ. ನಾನು ಬಚ್ಚಲಿಗೆ ಹೋಗಿ ಅತ್ತು ಬಂದದ್ದುಂಟು. ಬಂದು ಮತ್ತೆ ಬಚ್ಚಲಿನ ಹಂಡೆಯ ಕತೆ ಹೇಳಿದ್ದೂ ಉಂಟು.

ಹಾಗಿರುವಾಗ ಒಂದು ಮಧ್ಯಾಹ್ನ, ಕಡವಿನಲ್ಲಿ ದೋಣಿ ದಾಟಿಸುವ ತುಕ್ರಪ್ಪ ಆಚೆ ದಡದವರನ್ನು ಎಂದಿನಂತೆ ಕೂಗಿ ಕರೆದಾಗ, ಮಗು ನೇತ್ರಾವತಿ ಹೊಳೆಯ ಕಡೆಗೆ ತಲೆ ತಿರುಗಿಸಿತು. ಆಸ್ಯಮ್ಮನ ಕೈಯ ಕತ್ತರಿ ಕೆಳಗೆ ಬಿತ್ತು. ತುಕ್ರಪ್ಪ ಇನ್ನೊಮ್ಮೆ ಕೂಗಿದ, ಮಗು ಇನ್ನೊಮ್ಮೆ ನೋಡಿತು. ಅಂದಿನಿಂದ ದಿನಾ ಸಂಜೆ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಡವಿಗೆ ಹೋದೆ. ಕಂಬ ಹಿಡಿದು ನಿಲ್ಲಲು ಕಲಿತ ಮೇಲೆ, ಜಗಲಿಯಿಂದ ದೂರದ ದೋಣಿಯತ್ತ ಕೈ ಚಾಚಿ ತುಳುವಿನಲ್ಲಿ ‘ಓಡ’ ಎಂದಳು. ನನ್ನ ಮಗಳ ಮೊದಲ ಮಾತು ದೋಣಿ. ‘ಅಮ್ಮ’ ಬಂದದ್ದು ಆಮೇಲೆ. ನನಗೆ ಬೇಸರವಾಗಲಿಲ್ಲ. ತುಕ್ರಪ್ಪನಿಗೆ ಅಂದು ನಮ್ಮಲ್ಲೇ ಊಟ.

ಎಲ್ಲ ಸರಿಯಾಯಿತು ಎಂದು ನಾನು ಬರೆಯುವುದಿಲ್ಲ. ಎಡಗಾಲು ಈಗಲೂ ಸ್ವಲ್ಪ ಎಳೆಯುತ್ತದೆ. ಲೆಕ್ಕ ನಿಧಾನ. ಆದರೆ ಮೈ ಸೆಟೆಯುವ ಸೆಳೆತ ಮತ್ತೆ ಬರಲಿಲ್ಲ. ಮೈಗೆ ಶಕ್ತಿ ಬಂದಿದೆ. ಓದಿದ್ದನ್ನು ಮರೆಯುವುದಿಲ್ಲ. ಶಾಲೆಗೆ ಸೇರಿಸುವ ಮೊದಲು ಡಾಕ್ಟರಮ್ಮನಿಗೆ ತೋರಿಸಿದೆವು. ‘ಎಲ್ಲ ಮಕ್ಕಳಿಗೂ ಹೀಗೆ ಆಗುತ್ತದೆ ಅಂತ ನಾನು ಹೇಳಲಾರೆ ಪದ್ಮಾಕ್ಷಿ. ಆದರೆ ಮೂಲೆಯಲ್ಲಿ ಮಲಗಿಸಿ ಇಟ್ಟಿದ್ದರೆ ಇವಳು ಅಲ್ಲೇ ಇರುತ್ತಿದ್ದಳು’ ಎಂದರು.

ಇನ್ನು ಮೂಡಬಿದಿರೆಯ ಸಂಗತಿ. ಶಾಲಾ ಮಕ್ಕಳ ಭಾಷಣ ಸ್ಪರ್ಧೆಯಲ್ಲಿ ಅವಳು ಮಾತಾಡಿದ್ದನ್ನು ಬೆಳುವಾಯಿಯ ನಿಮ್ಮ ಸೋದರಮಾವ ಪದ್ಮಯ್ಯನವರು ಹೇಳಿದರೆಂದು ಬರೆದಿದ್ದೀರಿ. ನೇತ್ರಾವತಿಯ ಬಗ್ಗೆ ಮಾತಾಡಿದಳು. ನಡುವೆ ಒಮ್ಮೆ ಮಾತು ನಿಂತಿತು. ಕೆಲವು ಮಕ್ಕಳು ನಕ್ಕರು. ನಾನು ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಅವಳು ನೆಲ ನೋಡಲಿಲ್ಲ. ನಿಂತಳು, ಉಸಿರು ತೆಗೆದುಕೊಂಡಳು, ನಿಂತ ಪದದಿಂದಲೇ ಮುಂದುವರಿಸಿದಳು. ಎರಡನೆಯ ಬಹುಮಾನ ಬಂತು. ಆಮೇಲೆ ನಿಮ್ಮ ಮಾವ ಹತ್ತಿರ ಬಂದು, ಯಾರ ಮಗಳು ನೀನು ಎಂದು ಕೇಳಿದರು. ‘ಪದ್ಮಾಕ್ಷಿಯ ಮಗಳು, ಅಮ್ಮಣಿಯ ಮೊಮ್ಮಗಳು. ಆಸ್ಯಮ್ಮಜ್ಜಿಯದ್ದೂ ಹೌದು’ ಎಂದಳು. ಅವರು ನನ್ನನ್ನು ನೋಡಿದರು. ಅವಳ ತಲೆ ಮುಟ್ಟಿ ಹೋದರು.

ಅವಳು ಹೇಳಿದ ಹೆಸರುಗಳಲ್ಲೇ ನಿಮ್ಮ ಸಾಲಿಗೆ ಉತ್ತರ ಉಂಟು. ರಕ್ತದಲ್ಲಿ ಏನು ಬಂತೋ ನಾನು ತಿಳಿದವಳಲ್ಲ. ನಾವು ಈ ಜಗಲಿಯಲ್ಲಿ ಕಟ್ಟಿದ್ದನ್ನು ಮಾತ್ರ ಬಲ್ಲೆ.

ನಿಮ್ಮ ಕಾಗದವನ್ನು ಮುಚ್ಚಿಡದೆ ಮಗಳಿಗೆ ಓದಿ ಹೇಳಿದೆ. ‘ನಾನು ಹೋಗುವುದಿಲ್ಲ. ಅಪ್ಪನಿಗೆ ನೋಡಬೇಕು ಅಂತ ಇದ್ದರೆ ಅವರೇ ಬರಲಿ. ಬಂದರೆ ಮಾತಾಡುವ’ ಎಂದಳು. ನನ್ನದೂ ಅದೇ ಮಾತು. ನೀವು ಇನ್ನೊಂದು ಮದುವೆ ಮಾಡಿಕೊಳ್ಳಲಿಲ್ಲ ಎಂದು ಕೇಳಿದ್ದೇನೆ. ಅದರ ಬಗ್ಗೆ ಏನೂ ಬರೆಯುವುದಿಲ್ಲ.

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ಹೇಳಿ.

ತಲೆ ಎತ್ತಿ ಬರೆಯುತ್ತಿರುವ
ಪದ್ಮಾಕ್ಷಿ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ. ನಿಮ್ಮ ತಮ್ಮ ಚನಿಯಪ್ಪನ ಹೆಂಡತಿ ವಾರಿಜ ತವರಿಗೆ ಹೋಗಿದ್ದಾಳೆ ಎಂದು ನೀವೆಲ್ಲ ತಿಳಿದಿದ್ದೀರಿ. ಅವಳು ಇಲ್ಲಿದ್ದಾಳೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಅವಳ ಮಗ ಇನ್ನೂ ಕತ್ತು ನಿಲ್ಲಿಸುವುದಿಲ್ಲ. ಮನೆಯಲ್ಲಿ ಯಾರೂ ಎತ್ತಿಕೊಳ್ಳುವುದಿಲ್ಲ ಎಂದು ಹೇಳಿ ಅತ್ತಳು. ನಾಳೆ ಮಂಗಳೂರಿನ ಡಾಕ್ಟರಮ್ಮನ ಹತ್ತಿರ ಹೋಗುತ್ತೇವೆ. ಅವಳ ಮೇಲೆ ಸಿಟ್ಟು ಮಾಡಬೇಡಿ, ಚನಿಯಪ್ಪನನ್ನು ಕಳುಹಿಸಿಕೊಡಿ. ಮಗುವಿಗೆ ಅಪ್ಪನ ಸ್ವರವೂ ಬೇಕು. ಲೋಲಾಕ್ಷಿ ಆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಸಮನೆ ಮಾತಾಡುತ್ತಿದ್ದಾಳೆ. ಸಾಕು ಎಂದರೂ ನಿಲ್ಲಿಸುವುದಿಲ್ಲ.